ಬರ್ಗೆನ್ನಿನಲ್ಲಿ ಆರ್ಲಿಸ್ ‘ಬೇಕು’ ಅಂದಳು

ನನ್ನ ಹೆಂಡತಿ ಆರ್ಲಿಸ್‌ಳ ವಿಷಯ ಹೇಳಬೇಕೆಂದರೆ ಮೊದಲು ಡೆಲ್ಮರ್ ಕ್ಲೈನ್‌ನ ವಿಷಯ ಹೇಳಬೇಕಾಗುತ್ತದೆ. ನನಗೆ ಹೊಟ್ಟೆಯುರಿಯೇ ಅದು. ಡೆಲ್ಮರ್ ನಮ್ಮ ಪಕ್ಕದ ಮನೆಯವನು. ನಮ್ಮ ನಾರ್ಬಿ ಊರಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದವನು. ನನಗಿಂತ ಎತ್ತರ, ನನಗಿಂತ ಚೆಂದ, ಈ ವಯಸ್ಸಿನಲ್ಲೂ ತಲೆ ತುಂಬ ಕೂದಲು. ನನಗಿಂತ ಮೊದಲೇ ಅವನು ಆರ್ಲಿಸ್‌ಳನ್ನು ‘ನನ್ನ ಮದುವೆ ಆಗ್ತೀಯಾ’ ಎಂದು ಕೇಳಿದ್ದ. ಅವಳು ಬೇಡ ಅಂದಳು. ಮರ್ಯಾದೆಗೆಂದು ಸ್ವಲ್ಪ ದಿನ ಬಿಟ್ಟು ಇನ್ನೊಂದು ಸಲ ಕೇಳಿದ. ಆಗಲೂ ಬೇಡ ಅಂದಳು. ಆ ಪುಣ್ಯಾತ್ಮ ಅಷ್ಟಕ್ಕೇ ಟೋಪಿ ಹಾಕಿಕೊಂಡು ಮನೆಗೆ ಹೋದ. ನಾನು ಮೂರು ಸಲ ಕೇಳಿದೆ. ನಮ್ಮ ಐವತ್ತು ವರ್ಷದ ಸಂಸಾರ ನಿಂತಿರುವುದು ಆ ಒಂದು ಹೆಚ್ಚಿನ ಸಲದ ಮೇಲೆಯೇ ಹೊರತು ನನ್ನ ರೂಪದ ಮೇಲಂತೂ ಅಲ್ಲ.

ತಪ್ಪು ಡೆಲ್ಮರನದಲ್ಲ. ಅವನ ಅಪ್ಪ ಜರ್ಮನ್ ಪೈಕಿ. ಅವರಲ್ಲಿ ಬೇಡ ಅಂದರೆ ಬೇಡ. ನಾವು ನಾರ್ವೆಯಿಂದ ಬಂದವರ ಮೊಮ್ಮಕ್ಕಳು, ಅಮೆರಿಕದ ಮಿನೆಸೋಟದ ಈ ಮೂಲೆಯಲ್ಲಿ ಮುಸುಕಿನ ಜೋಳ ಬೆಳೆದುಕೊಂಡು ಬಿದ್ದಿರುವವರು. ನಮ್ಮಲ್ಲಿ ಯಾರಾದರೂ ಕಾಫಿ ಬೇಕಾ ಅಂದರೆ ಮೊದಲ ಸಲ ‘ಬೇಡ ಬೇಡ’ ಅನ್ನಬೇಕು. ಎರಡನೆಯ ಸಲ ‘ಸುಮ್ನೆ ಯಾಕೆ ತೊಂದರೆ’ ಅನ್ನಬೇಕು. ಮೂರನೆಯ ಸಲ ಕೇಳಿದಾಗ ‘ಹೇಗೂ ಮಾಡಿದ್ದರೆ ಅರ್ಧ ಲೋಟ ಕೊಡಿ’ ಅನ್ನಬಹುದು. ಮೊದಲ ಸಲವೇ ಬೇಕು ಅಂದವನನ್ನು ನಾವು ಬೈಯುವುದಿಲ್ಲ. ಅವನು ಹೋದಮೇಲೆ ‘ಪಾಪ, ಯಾವ ಊರಿನವನೋ’ ಅನ್ನುತ್ತೇವೆ.

ಈ ವಿದ್ಯೆಯಲ್ಲಿ ಇಡೀ ಊರಿಗೇ ಗುರು ನಮ್ಮ ಆರ್ಲಿಸ್. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಇರುತ್ತದೆ. ತಟ್ಟೆಯಲ್ಲಿ ಕೇಕಿನ ಒಂದೇ ತುಂಡು ಉಳಿಯಿತೆಂದರೆ ಯಾರೂ ಅದನ್ನು ಮುಟ್ಟುವುದಿಲ್ಲ. ಒಬ್ಬಳು ಬಂದು ಅರ್ಧ ಕೊಯ್ದುಕೊಂಡು ಹೋಗುತ್ತಾಳೆ, ಇನ್ನೊಬ್ಬಳು ಆ ಅರ್ಧದಲ್ಲಿ ಅರ್ಧ. ಕಡೆಗೆ ಇರುವೆಗೂ ಸಾಲದಂಥ ಚೂರನ್ನು ಇಷ್ಟಗಲ ತಟ್ಟೆಯಲ್ಲಿ ಇಟ್ಟುಕೊಂಡು ಆರ್ಲಿಸ್ ಪಾತ್ರೆ ತೊಳೆಯುವ ಕಡೆ ಹೋಗುತ್ತಾಳೆ. ಅವಳ ಬಾಯಿಗೆ ಆ ಚೂರು ಹೋದದ್ದನ್ನೂ ನಾನು ಕಂಡಿಲ್ಲ.

ಇದರಿಂದ ಅವಳಿಗೆ ನಷ್ಟವೂ ಆಗಿದೆ, ಅದನ್ನು ಮುಚ್ಚಿಡುವುದೇಕೆ. ಅವಳು ನಮ್ಮೂರ ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು, ನಾನು ಅದೇ ಶಾಲೆಯ ಬಸ್ಸು ಓಡಿಸುತ್ತಿದ್ದೆ. ಹೊಸದಾಗಿ ಬಂದ ಹೆಡ್‌ಮಾಸ್ಟರು, ಎಲ್ಲೋ ನ್ಯೂಜೆರ್ಸಿ ಕಡೆಯವರು, ಅವಳನ್ನು ಕರೆದು “ಅಡುಗೆಮನೆಯ ಯಜಮಾನಿಕೆ ನೀವೇ ವಹಿಸಿಕೊಳ್ಳಿ” ಅಂದರು. ಇವಳು “ನನಗಿಂತ ಚೆನ್ನಾಗಿ ಮಾಡೋರು ಇದ್ದಾರೆ ಸಾರ್” ಅಂದಳು. ಅವರು “ಹೌದಾ, ಥ್ಯಾಂಕ್ಸ್” ಎಂದು ಆ ಕೆಲಸವನ್ನು ಬೇರೆಯವಳಿಗೆ ಕೊಟ್ಟುಬಿಟ್ಟರು. ಆ ಹೆಂಗಸಿಗೆ ಸರಿಯಾಗಿ ಆಲೂಗಡ್ಡೆ ಬೇಯಿಸಲೂ ಬರುತ್ತಿರಲಿಲ್ಲ. ಆರ್ಲಿಸ್ ನಿವೃತ್ತಿಯಾಗುವವರೆಗೆ ಅವಳ ಕೈಕೆಳಗೇ ದುಡಿದಳು. ಒಂದು ದಿನವೂ ಅದರ ಮಾತೆತ್ತಲಿಲ್ಲ. ಆದರೆ ಆಲೂಗಡ್ಡೆ ಸುಲಿಯುವಾಗ ಅವಳ ಕೈ ಬಹಳ ಜೋರಾಗಿ ಓಡುತ್ತಿತ್ತು.

ಇಂಥವಳಿಗೆ ಜೀವಮಾನದಲ್ಲಿ ಒಂದೇ ಒಂದು ಆಸೆ ಇತ್ತು, ಬೋರ್ಗ್‌ಹಿಲ್ಡ್‌ಳನ್ನು ನೋಡಬೇಕು ಎಂಬುದು. ಇವಳ ಅಜ್ಜಿ, ಅವಳ ಅಜ್ಜಿ ಒಡಹುಟ್ಟಿದವರು. ಒಬ್ಬಳು ನಾರ್ವೆಯ ಬರ್ಗೆನ್ನಿನ ಬಂದರಿನಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಬಂದಳು, ಇನ್ನೊಬ್ಬಳು ದಡದಲ್ಲೇ ನಿಂತಳು. ಆಮೇಲೆ ಅವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೊಮ್ಮಕ್ಕಳಿಬ್ಬರೂ ಲಂಗ ಹಾಕುವ ವಯಸ್ಸಿನಿಂದ ಒಬ್ಬರಿಗೊಬ್ಬರು ಪತ್ರ ಬರೆದುಕೊಂಡೇ ಮುದುಕಿಯರಾದರು. ಫೋನಿನಲ್ಲಿ ಒಂದೆರಡು ಸಲ ಮಾತಾಡಿದ್ದುಂಟು. ಅಲ್ಲಿ ಮಳೆ, ಇಲ್ಲಿ ಹಿಮ ಎಂದು ಹೇಳಿಕೊಂಡು, ದುಡ್ಡು ದಂಡವಾಗುತ್ತದೆಂದು ಗಾಬರಿಬಿದ್ದು ಇಟ್ಟುಬಿಡುತ್ತಿದ್ದರು. ಹೋದ ಕ್ರಿಸ್‌ಮಸ್‌ಗೆ ಬೋರ್ಗ್‌ಹಿಲ್ಡ್‌ಳಿಂದ ಪತ್ರ ಬರಲಿಲ್ಲ. ಅವಳ ಮಗಳು ಮಾರಿತ್ ಎರಡು ಸಾಲು ಬರೆದಿದ್ದಳು: ಅಮ್ಮನ ಕಣ್ಣು ಹೋಗಿದೆ, ಎದೆಯೂ ಸರಿಯಿಲ್ಲ, ಇನ್ನೊಂದು ಚಳಿಗಾಲ ಕಳೆದರೆ ಹೆಚ್ಚು. ಆರ್ಲಿಸ್ ಅದನ್ನು ಓದಿ ಮಡಿಸಿಟ್ಟು, “ವಯಸ್ಸಾಯ್ತಲ್ಲ” ಎಂದು ಹಿಮ ಗುಡಿಸಲು ಹೋದಳು. ಅಂಗಳದಲ್ಲಿ ಗುಡಿಸುವಷ್ಟು ಹಿಮವೇ ಇರಲಿಲ್ಲ.

ಅವತ್ತೇ ನಾನು ನಿಶ್ಚಯ ಮಾಡಿದೆ. ನಮ್ಮ ಮದುವೆಯ ಐವತ್ತನೆಯ ವರ್ಷಕ್ಕೆ ಹಡಗಿನ ಪ್ರವಾಸ, ದಾರಿಯಲ್ಲಿ ಒಂದು ಹಗಲು ಬರ್ಗೆನ್. ಬೆಳಿಗ್ಗೆ ಹಡಗು ನಿಲ್ಲುತ್ತದೆ, ಸಂಜೆ ಹೊರಡುತ್ತದೆ. “ಹೋಗೋಣ್ವಾ?” ಎಂದು ಕೇಳಿದೆ. “ಅಯ್ಯೋ, ಯಾಕೆ ಸುಮ್ನೆ” ಅಂದಳು. ವಾರ ಬಿಟ್ಟು ಕೇಳಿದೆ. “ನನ್ನ ಸಲುವಾಗಿ ಆದ್ರೆ ಬೇಡ” ಅಂದಳು. ಮೂರನೆಯ ಸಲ ಕೇಳಿದಾಗ “ನಿನಗೆ ಅಷ್ಟು ಆಸೆ ಇದ್ರೆ ನಾನ್ಯಾಕೆ ಅಡ್ಡ ಬರ್ಲಿ” ಅಂದಳು. ನನಗೆ ಆಸೆಯಂತೆ! ನೀರು ಕಂಡರೆ ನನ್ನ ಹೊಟ್ಟೆ ತೊಳೆಸುತ್ತದೆ, ಕೆರೆಯಲ್ಲಿ ಮೀನು ಹಿಡಿಯುವಾಗಲೂ ದಡ ಬಿಟ್ಟು ಕದಲದವನು ನಾನು.

ಟಿಕೆಟ್ಟು ಮನೆಗೆ ಬಂದ ಮಾರನೆಯ ದಿನ ಫೋನು ಬಂತು. ನಾನೇ ಎತ್ತಿದೆ, ಅದೇ ಆದದ್ದು ಎಡವಟ್ಟು. ಬರ್ಗೆನ್ನಿನಿಂದ ಮಾರಿತ್. ನಾವು ಬರುವ ದಿನವನ್ನು ಆರ್ಲಿಸ್ ಮೊದಲೇ ಬರೆದು ತಿಳಿಸಿದ್ದಳು. ಒಳ್ಳೆಯ ಸ್ಪಷ್ಟ ದನಿ.

“ನಿಮ್ಮ ಹಡಗು ಬರೋ ದಿನ ನಂಗೆ ರಜಾ ಇದೆ. ನಾನು ಕಾರು ತಗೊಂಡು ಬಂದರಿಗೆ ಬಂದು ನಿಮ್ಮನ್ನ ಮನೆಗೆ ಕರ್ಕೊಂಡು ಬರ್ಲಾ? ಅಮ್ಮ ಆರ್ಲಿಸ್‌ನ ನೋಡ್ಬೇಕು ಅಂತಿದಾಳೆ” ಅಂದಳು.

ನಾನು ನಮ್ಮಪ್ಪ-ಅಮ್ಮ ಕಲಿಸಿದ ಮರ್ಯಾದೆಯನ್ನೆಲ್ಲ ಒಟ್ಟುಗೂಡಿಸಿಕೊಂಡು, “ಛೆ ಛೆ, ಬೇಡಮ್ಮಾ, ನಿಮಗ್ಯಾಕೆ ಇಲ್ಲದ ತೊಂದರೆ!” ಅಂದೆ.

“ಓ, ಹೌದಾ? ಸರಿ ಹಾಗಾದ್ರೆ. ಪ್ರಯಾಣ ಸುಖವಾಗಿರಲಿ” ಅಂದಳು, ಇಟ್ಟುಬಿಟ್ಟಳು.

ನಾನು ಫೋನು ಹಿಡಿದುಕೊಂಡು ಮೀಸೆಯಡಿ ನಕ್ಕೆ. ಎಷ್ಟು ಚೆನ್ನಾಗಿ ಹೇಳಿದೆನಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. “ಯಾರು?” ಎಂದು ಆರ್ಲಿಸ್ ಅಡುಗೆಮನೆಯಿಂದ ಕೇಳಿದಳು. “ಮಾರಿತ್. ಕರ್ಕೊಂಡು ಹೋಗೋಕೆ ಬರ್ತೀನಿ ಅಂದ್ಳು. ಬೇಡ ಅಂದೆ” ಅಂದೆ. “ಒಳ್ಳೇದು” ಅಂದಳು ಆರ್ಲಿಸ್, ತೃಪ್ತಿಯಿಂದ. ಇನ್ನೆರಡು ಸಲ ಕೇಳುತ್ತಾಳೆ ಎಂಬುದರಲ್ಲಿ ನಮ್ಮಿಬ್ಬರಿಗೂ ಲವಲೇಶ ಅನುಮಾನವಿರಲಿಲ್ಲ. ನಾರ್ವೆಯವರಲ್ಲವೇ ಅವರು, ಈ ಮರ್ಯಾದೆಯೆಲ್ಲ ಅಲ್ಲಿಂದಲೇ ಬಂದದ್ದಲ್ಲವೇ!

ಆ ಎರಡನೆಯ ಫೋನು ಬರುವಷ್ಟರಲ್ಲಿ ಬರ್ಗೆನ್ನಿನ ದಿನಕ್ಕೆ ಯೋಜನೆ ಹಾಕಿಬಿಡೋಣವೆಂದು ಕೂತೆ. ಶಾಲೆಯ ಬಸ್ಸು ಓಡಿಸಿದವನಿಗೆ ಯೋಜನೆ ಹಾಕುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಎಷ್ಟು ಹೊತ್ತಿಗೆ ಇಳಿಯುವುದು, ಎಷ್ಟು ಹೊತ್ತು ಮೀನಿನ ಮಾರುಕಟ್ಟೆ, ಎಲ್ಲಿ ಬಚ್ಚಲುಮನೆ, ಎಲ್ಲ ಅಡುಗೆಮನೆಯ ಗೋಡೆಗೆ ಅಂಟಿಸಿದೆ. ನಟ್ಟನಡುವೆ ದೊಡ್ಡದೊಂದು ಜಾಗ ಖಾಲಿ ಬಿಟ್ಟೆ, ಅದು ಬೋರ್ಗ್‌ಹಿಲ್ಡ್ ಮನೆ. ಅದರ ಕೊನೆಗೆ ಒಂದು ಪೂರ್ತಿ ಗಂಟೆ ಬೀಳ್ಕೊಡುಗೆಗೆ ಇಟ್ಟೆ. ನಮ್ಮಲ್ಲಿ ಯಾರ ಮನೆಯಿಂದಲೂ ಹೊರಡುವುದು ಸುಲಭವಲ್ಲ. ತೊಡೆ ತಟ್ಟಿ ‘ಸರಿ ಹಾಗಾದ್ರೆ’ ಅನ್ನಬೇಕು, ಮತ್ತೆ ಕೂತು ಮಾತಾಡಬೇಕು. ಎದ್ದು ಬಾಗಿಲಲ್ಲಿ ನಿಂತು ಮಾತಾಡಬೇಕು, ಮೆಟ್ಟಿಲ ಮೇಲೆ ಮಾತಾಡಬೇಕು, ಕಾರಿನ ಗಾಜು ಇಳಿಸಿ ಇನ್ನಷ್ಟು ಮಾತಾಡಬೇಕು.

ಅಷ್ಟಕ್ಕೇ ಬಿಟ್ಟೆನೇ? ಅಭ್ಯಾಸವೂ ಮಾಡಿಸಿದೆ. ಬರ್ಗೆನ್ನಿನಲ್ಲಿ ಸದಾ ಮಳೆ. ಹಾಗಾಗಿ ಸುಡುಬಿಸಿಲಲ್ಲಿ ಇಬ್ಬರೂ ಮಳೆ ಕೋಟು ಹಾಕಿಕೊಂಡು ನಾರ್ಬಿಯ ದೊಡ್ಡ ಬೀದಿಯಲ್ಲಿ ನಡೆದೆವು. ಧಾನ್ಯದ ಗೋದಾಮು ಎಂದರೆ ಬಂದರು, ಅಂಚೆ ಕಚೇರಿ ಎಂದರೆ ಮೀನಿನ ಮಾರುಕಟ್ಟೆ, ಚರ್ಚು ಎಂದರೆ ಬೆಟ್ಟ. ನಾನು ಕೈಗಡಿಯಾರ ನೋಡುತ್ತ ಮುಂದೆ, ಆರ್ಲಿಸ್ ಬೆವರು ಒರೆಸುತ್ತ ಹಿಂದೆ. ಡೆಲ್ಮರ್ ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ.

“ಏನಯ್ಯಾ ಮೈರನ್, ಒಂದು ಮೋಡಾನೂ ಇಲ್ಲ, ಈ ವೇಷ ಏನು?” ಎಂದು ಕೂಗಿದ.

“ಬರ್ಗೆನ್‌ಗೆ ಅಭ್ಯಾಸ ಕಣೋ.”

“ಬರ್ಗೆನ್ ತನಕ ಬದುಕಿರ್ಬೇಕಲ್ಲಪ್ಪಾ! ಆರ್ಲಿಸ್, ಬಾಮ್ಮಾ, ನೆರಳಲ್ಲಿ ಕೂತ್ಕೋ. ನಿಂಬೆ ಪಾನಕ ಕೊಡ್ಲಾ?”

“ಬೇಡ ಬೇಡ ಡೆಲ್ಮರ್” ಅಂದಳು ಆರ್ಲಿಸ್, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದ್ದರೂ.

“ಸರಿ” ಎಂದು ಅವನೇ ಕುಡಿದ. ಐವತ್ತು ವರ್ಷವಾದರೂ ಬುದ್ಧಿ ಕಲಿತಿರಲಿಲ್ಲ ಮಹಾರಾಯ.

ದಿನ ಕಳೆಯಿತು, ಎರಡನೆಯ ಫೋನು ಬರಲಿಲ್ಲ. ಆರ್ಲಿಸ್ ಬೋರ್ಗ್‌ಹಿಲ್ಡ್‌ಳಿಗೆಂದು ಲೆಫ್ಸೆ ಮಾಡತೊಡಗಿದಳು. ಬೇಯಿಸಿದ ಆಲೂಗಡ್ಡೆ ನಾದಿ, ಕಾಗದದಷ್ಟು ತೆಳ್ಳಗೆ ಲಟ್ಟಿಸಿ ಸುಡುವ ರೊಟ್ಟಿ, ಅಜ್ಜಿ ಹೇಳಿಕೊಟ್ಟದ್ದು. ಮೊದಲ ಕಂತು ಹಳಸಿತು, ಎರಡನೆಯದು ಮಾಡಿ ಫ್ರೀಜರಿಗೆ ಹಾಕಿದಳು. ನಾನು ಫೋನಿನ ತಂತಿ ಸರಿಯಿದೆಯೇ ಎಂದು ದಿನಾ ಎಳೆದು ನೋಡುತ್ತಿದ್ದೆ. ಫೋನು ಬಡಿದರೆ ಇಬ್ಬರೂ ಎದ್ದು ನಿಲ್ಲುವುದು, ಅತ್ತ ಕಡೆಯಿಂದ ಯಾರೋ ಕಿಟಕಿ ಮಾರುವವನು.

ಹೊರಡಲು ವಾರವಿರುವಾಗ ಆರ್ಲಿಸ್ ಸೂಟ್‌ಕೇಸು ತುಂಬುತ್ತಿದ್ದಳು. ಅಜ್ಜಿಯ ಬೆಳ್ಳಿಯ ಪಿನ್ನನ್ನು ಒಳಗಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಹೊರಗೆ ತೆಗೆದು ಬೀರುವಿಗೆ ಹಾಕಿದಳು. “ಬಿಡು, ಮೀನಿನ ಮಾರುಕಟ್ಟೆ ನೋಡಿದ್ರೂ ಆಯ್ತು. ಅದೇನೂ ಅಷ್ಟು ಕೆಟ್ಟದಾಗಿರಲ್ಲ” ಅಂದಳು. ಆಗಲೂ ನನಗೆ ಸಿಟ್ಟು ಬಂದದ್ದು ಯಾರ ಮೇಲೆ? ಮಾರಿತ್‌ಳ ಮೇಲೆ! ಎಂಥ ಮರ್ಯಾದೆಗೆಟ್ಟ ಹೆಂಗಸು ಎಂದು ಬೈದುಕೊಂಡು ಡೆಲ್ಮರನ ಜಗುಲಿಗೆ ಹೋದೆ, ನನ್ನ ಪರವಾಗಿ ಎರಡು ಮಾತಾಡಲಿ ಎಂದು.

ಅವನು ಎಲ್ಲ ಕೇಳಿದ. “ಅಲ್ಲ ಕಣಯ್ಯಾ, ಅವಳು ಬರ್ತೀನಿ ಅಂದ್ಳು. ನೀನು ಬೇಡ ಅಂದೆ. ಅವಳು ಬರಲ್ಲ. ಇದರಲ್ಲಿ ತಿಳೀದೇ ಇರೋದು ಏನಿದೆ?”

“ಇನ್ನೊಂದು ಸಲ ಕೇಳ್ಬಾರ್ದಾ? ನಾರ್ವೆಯವಳಲ್ವಾ ಅವಳು?”

“ನಾರ್ವೆಯವಳು. ನಾರ್ಬಿಯವಳಲ್ಲವಲ್ಲ.”

“ನಾವೂ ನಾರ್ವೆಯವರೇ ಕಣೋ!”

“ನೀವು ಯಾರೋ ದೇವರಿಗೇ ಗೊತ್ತು” ಅಂದ ಡೆಲ್ಮರ್. ಆಮೇಲೆ ಅವನ ನಗು ನಿಂತಿತು. “ನೋಡು ಮೈರನ್, ಬೇಡ ಅನ್ನೋದನ್ನ ಕೇಳಿಸ್ಕೊಂಡೋನು ಏನ್ ಮಾಡ್ತಾನೆ ಅಂತ ನನ್ನ ಕೇಳು. ಅವಳಿಗೆ ನಾನು ಬೇಡ ಅಂತ ತಿಳ್ಕೋತಾನೆ. ಮನೆಗೆ ಹೋಗಿ ಬಾಗ್ಲು ಹಾಕ್ಕೋತಾನೆ. ಇನ್ನೊಂದು ಸಲ ಕೇಳಿದ್ರೆ ಸಿಗ್ತಿತ್ತು ಅಂತ ಅವನಿಗೆ ಯಾರೂ ಹೇಳಲ್ಲ ಕಣಯ್ಯಾ, ನಿಮ್ಮೂರಲ್ಲಿ.”

ಅವನ ಮುಖ ನೋಡಲಾಗದೆ ನನ್ನ ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದೆ. “ಕಾಫಿ ಬೇಕಾ?” ಅಂದ. ನನ್ನ ಬಾಯಿ, ಹಾಳಾದ್ದು, ಬೇಡ ಅಂದಿತು. ಅವನು ಕೊಡಲಿಲ್ಲ.

ಮನೆಗೆ ಬಂದು ಧೈರ್ಯ ತಂದುಕೊಂಡು ಬರ್ಗೆನ್ನಿಗೆ ನಾನೇ ಫೋನು ಮಾಡಿದೆ. ಕೇಳಬೇಕಾದದ್ದು ಒಂದೇ ಮಾತು: ಬಾಮ್ಮಾ, ನಮ್ಮನ್ನು ಕರೆದುಕೊಂಡು ಹೋಗು. ಆದರೆ ಒಬ್ಬರನ್ನು ನೇರವಾಗಿ ಇದು ಕೊಡಿ ಎಂದು ಕೇಳುವುದೇ? ನಾನು ಮಳೆಯ ವಿಷಯ ಕೇಳಿದೆ. ನಮ್ಮಲ್ಲಿ ಜೋಳ ಹೇಗಿದೆ ಎಂದು ಹೇಳಿದೆ. ಅವಳ ಕಾರು ಯಾವುದು, ಎಣ್ಣೆಯದೋ ಕರೆಂಟಿನದೋ, ಎಷ್ಟು ಜನ ಕೂರಬಹುದು ಎಂದೂ ಕೇಳಿದೆ. ಇದಕ್ಕಿಂತ ಸುಳಿವು ಬೇಕೇ ಮನುಷ್ಯರಿಗೆ! “ನಾಲ್ಕು ಜನ” ಅಂದಳು ಮಾರಿತ್. “ಬೇರೆ ಏನಾದ್ರೂ ಇತ್ತಾ?” “ಏನಿಲ್ಲ ಏನಿಲ್ಲ” ಅಂದೆ. ಇಟ್ಟಳು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ತಿರುಗಿ ನೋಡಿದರೆ ಬಾಗಿಲಲ್ಲಿ ಆರ್ಲಿಸ್. ಕೈಯೆಲ್ಲ ಹಿಟ್ಟು.

“ಕೇಳಿದ್ಯಾ?”

“ಹೆಚ್ಚುಕಡಿಮೆ ಕೇಳಿದ ಹಾಗೇನೇ.”

ಏಪ್ರನ್ನಿಗೆ ಕೈ ಒರೆಸಿಕೊಂಡಳು. ನನ್ನ ಕೈಯಿಂದ ಫೋನು ಕಿತ್ತುಕೊಂಡು ಅದೇ ನಂಬರಿಗೆ ತಿರುಗಿ ಮಾಡಿದಳು. ಮಳೆಯಿಲ್ಲ, ಜೋಳವಿಲ್ಲ, ಹೇಗಿದ್ದೀರಿ ಎಂಬುದೂ ಇಲ್ಲ.

“ಮಾರಿತ್, ನಾನು ಆರ್ಲಿಸ್. ನಂಗೆ ನಿಮ್ಮಮ್ಮನ್ನ ನೋಡ್ಬೇಕು. ನೀನು ಬಂದು ಕರ್ಕೊಂಡು ಹೋಗು.”

ಅತ್ತ ಕಡೆಯ ದನಿ ನನಗೂ ಕೇಳಿಸಿತು. “ಬರ್ತೀನಿ ಆಂಟಿ, ಖಂಡಿತ ಬರ್ತೀನಿ!”

ಫೋನಿಟ್ಟು ಆರ್ಲಿಸ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. “ನೀರು ತರ್ಲಾ?” ಎಂದು ಕೇಳಿದೆ. “ತಗೊಂಡು ಬಾ” ಅಂದಳು. ಮೊದಲನೆಯ ಸಲಕ್ಕೇ! ನಾನು ನಲ್ಲಿ ತಿರುಗಿಸುವುದನ್ನೂ ಮರೆತು ಖಾಲಿ ಲೋಟ ತಂದುಕೊಟ್ಟೆ.

ಬರ್ಗೆನ್ನಿಗೆ ತಲುಪಿದ ಬೆಳಿಗ್ಗೆ ನಾನು ಎಣಿಸಿದ ಹಾಗೆ ಮಳೆ ಹುಯ್ಯುತ್ತಿತ್ತು. ನನ್ನ ಯೋಜನೆಯಲ್ಲಿ ಸರಿಹೋದದ್ದು ಅದೊಂದೇ. ಮಾರಿತ್ ಕೊಡೆ ಹಿಡಿದು ನಿಂತಿದ್ದಳು, ಕತ್ತರಿಸಿದ ಬಿಳಿ ಕೂದಲು, ಗಟ್ಟಿ ಕೈ. ನನ್ನ ಗೋಡೆಯ ಕಾಗದದ ನಕಲನ್ನು ತೆಗೆದು ತೋರಿಸಿದೆ. ಅದನ್ನು ನೋಡಿ, “ಇದೆಲ್ಲ ಬೇಕಾ?” ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಆರ್ಲಿಸ್ “ಬೇಡ” ಅಂದಳು, ಈ ಸಲ ನಿಜವಾದ ಬೇಡ. ಮೀನಿನ ಮಾರುಕಟ್ಟೆ ಕಾರಿನ ಕಿಟಕಿಯಲ್ಲಿ ಹಾದುಹೋಯಿತು.

ಗುಡ್ಡದ ಮೇಲೆ ಮರದ ಮನೆ. ಬೋರ್ಗ್‌ಹಿಲ್ಡ್ ಬಾಗಿಲ ಹತ್ತಿರವೇ ಕುರ್ಚಿ ಹಾಕಿಸಿಕೊಂಡು ಕಾಯುತ್ತಿದ್ದಳು. ಹಿಡಿಯಷ್ಟು ಹೆಂಗಸು. ಆರ್ಲಿಸ್ ಅವಳ ಮುಂದೆ ಮಂಡಿಯೂರಿದಳು. ಬೋರ್ಗ್‌ಹಿಲ್ಡ್ ಅವಳ ಹಣೆ, ಮೂಗು, ಗದ್ದ ಎಲ್ಲ ಬೆರಳಲ್ಲಿ ಮುಟ್ಟಿ ನೋಡಿದಳು. ಕತ್ತಿನ ಹತ್ತಿರ ಅಜ್ಜಿಯ ಬೆಳ್ಳಿಯ ಪಿನ್ನು ಕೈಗೆ ಸಿಕ್ಕಿತು. ಅಲ್ಲೇ ಬೆರಳು ನಿಂತಿತು.

“ನಿನ್ನ ಗಂಡ ಬೇಡ ಅಂದನಂತೆ” ಅಂದಳು. “ನಾನು ನಿನಗೆ ಬೇಡವಾದೆ ಅಂದ್ಕೊಂಡೆ ಕಣೇ. ಕಾಗದದಲ್ಲೇ ಚೆನ್ನಾಗಿತ್ತು, ಇನ್ನು ಕುರುಡು ಮುದುಕಿ ಯಾಕೆ ಅಂತ ಇರ್ಬೇಕು ಅಂದ್ಕೊಂಡೆ. ಅತ್ತುಬಿಟ್ಟೆ.”

ಆರ್ಲಿಸ್ ಹಿಂತಿರುಗಿ ನನ್ನತ್ತ ನೋಡಿದಳು. ಆ ನೋಟಕ್ಕೆ ನಾನು ಅಲ್ಲೇ ಮಳೆಗೆ ಹೋಗಿ ನಿಲ್ಲಬಹುದಿತ್ತು. ನನ್ನ ಒಂದು ಜಂಭದ ಮಾತಿಗೆ ಈ ಮುದುಕಿ ಇಷ್ಟು ದಿನ ಕುರುಡುಗಣ್ಣಲ್ಲಿ ನೀರು ಹಾಕಿದ್ದಾಳೆ. ಮರ್ಯಾದೆಯಂತೆ, ಮಣ್ಣಾಂಗಟ್ಟಿ!

“ಅವನ ಮಾತು ಬಿಡು” ಅಂದಳು ಆರ್ಲಿಸ್, ಅಜ್ಜಿಯಿಂದ ಕಲಿತ ನಾರ್ವೆ ಭಾಷೆಯಲ್ಲಿ. “ನಂಗೆ ನೀನು ಬೇಕಿತ್ತು. ಯಾವಾಗ್ಲೂ ಬೇಕಿತ್ತು.”

ಬೋರ್ಗ್‌ಹಿಲ್ಡ್ ಅಳುತ್ತಲೇ ನಗಲು ಶುರುಮಾಡಿದಳು. “ಅಯ್ಯೋ ಇವಳ ಮಾತು ಕೇಳೇ ಮಾರಿತ್, ನಮ್ಮಜ್ಜಿ ಎದ್ದು ಬಂದ ಹಾಗಿದೆ!” ಲೆಫ್ಸೆಯನ್ನು ಕೈಗಿಟ್ಟಾಗ ಮೂಸಿದಳು, ಕಚ್ಚಿದಳು. “ನೀನೇ ಲಟ್ಟಿಸಿದ್ದಾ? ನಾವು ಇದನ್ನ ಅಂಗಡಿಯಿಂದ ತರೋಕೆ ಶುರುಮಾಡಿ ಎಷ್ಟೋ ವರ್ಷ ಆಯ್ತು ಕಣೇ!”

ಮಾರಿತ್ ಅಚ್ಚಿನಲ್ಲಿ ಸುಟ್ಟ ಸಿಹಿದೋಸೆಯಂಥ ಬಿಸಿ ವಾಫಲ್ ತಂದಿಟ್ಟಳು, ಜೊತೆಗೆ ಕಂದು ಚೀಸು, ಹಣ್ಣಿನ ಜಾಮು. ಹಬೆಗೆ ನನ್ನ ಕನ್ನಡಕ ಮಂಜಾಯಿತು. ಹಡಗಿನಲ್ಲಿ ಕರುಳು ತಿರುವಿ ಎರಡು ದಿನದಿಂದ ನಾನು ಸರಿಯಾಗಿ ತಿಂದಿರಲಿಲ್ಲ.

“ಆರ್ಲಿಸ್, ಕಾಫಿ?”

“ಬೇಕು.”

“ಮೈರನ್, ನಿಮಗೆ ಕಾಫಿ, ವಾಫಲ್?”

ಎಲ್ಲ ಗೊತ್ತಿದ್ದೂ, ಡೆಲ್ಮರ್ ಬಿಡಿಸಿ ಹೇಳಿದ್ದರೂ, ಈಗಷ್ಟೇ ಮುದುಕಿಯ ಕಣ್ಣೀರು ನೋಡಿದ್ದರೂ, ನನ್ನ ಬಾಯಿ ಏನಂದಿತು? “ಬೇಡ ಬೇಡ, ನಾನು ಈಗ ತಾನೇ...” ಅಂದಿತು. ಹೂಜಿ ನನ್ನನ್ನು ದಾಟಿ ಹೋಯಿತು. ತಟ್ಟೆಯೂ ಹೋಯಿತು. ನಾನು ಆರ್ಲಿಸ್‌ಳತ್ತ ಕಣ್ಣಲ್ಲೇ ಅಂಗಲಾಚಿದೆ. ಅವಳು ಜಾಮು ಸವರಿಕೊಂಡಳು.

“ನಿನ್ನ ಗಂಡ ಏನೂ ತಿಂತಾ ಇಲ್ವಾ? ಸದ್ದೇ ಇಲ್ಲ” ಅಂದಳು ಬೋರ್ಗ್‌ಹಿಲ್ಡ್.

“ಅವನಿಗೆ ಬೇಡವಂತೆ” ಅಂದಳು ನನ್ನ ಧರ್ಮಪತ್ನಿ.

ಇಡೀ ಮಧ್ಯಾಹ್ನ ಅವರಿಬ್ಬರೂ ಕೈ ಕೈ ಹಿಡಿದು ಮಾತಾಡಿದರು. ಸರಿಯಾಗಿ ಮುಚ್ಚದ ಬಾಗಿಲು, ಸತ್ತ ನಾಯಿ, ಅಜ್ಜಿಯರು ಆ ಬಂದರಿನಲ್ಲಿ ಹಂಚಿಕೊಂಡ ಒಂದು ಜೊತೆ ಕೈಗವಸು, ಒಬ್ಬೊಬ್ಬರಿಗೆ ಒಂದೊಂದು ಕೈಯದು. ನಾನು ಮೂಲೆಯಲ್ಲಿ ಹೊಟ್ಟೆ ಗುರುಗುಟ್ಟಿಸುತ್ತ ಕೂತಿದ್ದೆ. ಕಡೆಗೆ ತಟ್ಟೆಯಲ್ಲಿ ಒಂದು ವಾಫಲ್ ಉಳಿಯಿತು. ಆರ್ಲಿಸ್ ಕೈ ಚಾಚಿದಳು. ಚಾಕು ತೆಗೆದುಕೊಳ್ಳುತ್ತಾಳೆ, ಅರ್ಧ ಮಾಡುತ್ತಾಳೆ ಎಂದು ನಾನು ಕಾದೆ. ಇಡೀ ವಾಫಲನ್ನು ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡಳು. ನಾರ್ಬಿಯ ಚರ್ಚಿನವರು ಇದನ್ನು ಕಂಡಿದ್ದರೆ ಅವಳಿಗೆ ಜ್ವರ ಬಂದಿದೆಯೇನೋ ಎಂದು ಮೈ ಮುಟ್ಟಿ ನೋಡುತ್ತಿದ್ದರು.

ನಾನು ಗಡಿಯಾರ ನೋಡಿದೆ. ಬೀಳ್ಕೊಡುಗೆಯ ಗಂಟೆ ಬಂದಿತ್ತು. ತೊಡೆ ತಟ್ಟಿ, “ಸರಿ ಹಾಗಾದ್ರೆ” ಅಂದೆ, ಮತ್ತೆ ಕೂರುವುದಕ್ಕೆ ಸಿದ್ಧನಾಗಿ. ಬೋರ್ಗ್‌ಹಿಲ್ಡ್ ತಟ್ಟನೆ ಎದ್ದು ನಿಂತಳು. ಆರ್ಲಿಸ್‌ಳ ಎರಡೂ ಕೆನ್ನೆ ಹಿಡಿದು, ಹಣೆಗೆ ಹಣೆ ತಾಗಿಸಿದಳು.

“ನೀನು ಬಂದೆ. ನಾನು ನೋಡಿದೆ. ನಂಗೆ ಅಷ್ಟು ಸಾಕು. ಇನ್ನು ಹೋಗು, ನಿಂತ್ಕೋಬೇಡ. ನಮ್ಮಜ್ಜಿ ದಡದಲ್ಲಿ ತುಂಬಾ ಹೊತ್ತು ನಿಂತಳು, ಅದನ್ನ ಸಾಯೋ ತನಕ ಮರೀಲಿಲ್ಲ.”

ಬಾಗಿಲು ಹಾಕಿಕೊಂಡಿತು. ಮಾರಿತ್ ನಮ್ಮನ್ನು ಬಂದರಿಗೆ ತಂದು ಇಳಿಸಿ, ಕೈ ಕುಲುಕಿ ಹೊರಟುಹೋದಳು. ಕಾರಿನ ಗಾಜನ್ನೂ ಇಳಿಸಲಿಲ್ಲ. ನನ್ನ ಕೈಯಲ್ಲಿ ಒಂದು ಇಡೀ ಗಂಟೆ ಉಳಿದಿತ್ತು, ಅದನ್ನು ಏನು ಮಾಡಬೇಕೋ ತಿಳಿಯಲಿಲ್ಲ. ತಗಡಿನ ಮಾಡಿನ ಕೆಳಗೆ ಒಂದು ಬೆಂಚಿತ್ತು, ಕೂತೆವು. ಆರ್ಲಿಸ್ ಸ್ವಲ್ಪ ಹೊತ್ತು ಗಟ್ಟಿಯಾಗಿಯೇ ಅತ್ತಳು. ಅವಳು ಅಷ್ಟು ಅತ್ತದ್ದನ್ನು ನಾನು ನೋಡಿರಲಿಲ್ಲ. ನಾನು ಅವಳ ಭುಜ ಹಿಡಿದುಕೊಂಡೆ.

ಮೂಗು ಒರೆಸಿಕೊಂಡು ಅವಳು ಕೈಚೀಲ ತೆರೆದಳು. ಕಾಗದದಲ್ಲಿ ಸುತ್ತಿದ ವಾಫಲ್ ಅಲ್ಲಿತ್ತು. ಆ ಕೊನೆಯದು, ಇಡಿಯಾಗಿ.

“ಬೇಕಾ?” ಅಂದಳು.

“ಬೇಡ, ನೀನೇ...” ಎಂದೆ. ಅವಳು ಆಗಲೇ ಮಡಿಸಿ ಒಳಗಿಡುತ್ತಿದ್ದಳು. ಒಂದು ದಿನ ನಾರ್ವೆಯ ನೀರು ಕುಡಿದದ್ದಕ್ಕೇ ಇಷ್ಟು! “ಬೇಕು, ಬೇಕು ಮಾರಾಯ್ತಿ, ಕೊಡು!” ಎಂದು ಕೂಗಿಕೊಂಡೆ. ಪಕ್ಕದ ಬೆಂಚಿನವರು ತಿರುಗಿ ನೋಡಿದರು. ನಾನು ನಾಚಿಕೆ ಬಿಟ್ಟು ತಿಂದೆ.

ಅವಳು ನಾನು ತಿನ್ನುವುದನ್ನು ನೋಡುತ್ತ ಕೂತಿದ್ದಳು. “ಮೈರನ್, ಆವತ್ತು ನೀನು ಮೂರನೇ ಸಲ ಕೇಳ್ದೇ ಇದ್ದಿದ್ರೆ?”

“ಕೇಳ್ಬಾರ್ದು ಅಂತಲೇ ಇದ್ದೆ” ಅಂದೆ, ಬಾಯಿ ತುಂಬಿಕೊಂಡು. “ಎರಡನೇ ಸಲಕ್ಕೇ ಸಾಕಾಗಿತ್ತು. ಡೆಲ್ಮರ್‌ನಂಥವನಿಗೇ ಬೇಡ ಅಂದೋಳು ನಂಗೆ ಹೂಂ ಅಂತಾಳಾ ಅಂತ.”

“ಗೊತ್ತಿತ್ತು. ನಿನ್ನ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಅಷ್ಟೂ ದಿನ ನನ್ನ ಕೈಯಿಂದ ಪಾತ್ರೆ ಜಾರಿ ಜಾರಿ ಬೀಳ್ತಿತ್ತು ಕಣೋ. ಬಸ್ಸಿನ ಸದ್ದು ಕೇಳಿದ್ರೆ ಎದೆ ಹೊಡ್ಕೋತಿತ್ತು, ಇವತ್ತಾದ್ರೂ ಕೇಳ್ತಾನಾ, ಟೋಪಿ ಹಾಕ್ಕೊಂಡು ಹೋಗ್ಬಿಡ್ತಾನಾ ಅಂತ. ಒಂದು ಹೂಂ ಅನ್ನೋಕೆ ನಂಗೆ ಏನಾಗಿತ್ತು ಹೇಳು? ಡೆಲ್ಮರ್‌ಗೆ ಬೇಡ ಅಂದಿದ್ದು ನಿಜವಾದ ಬೇಡ. ನಿನಗೆ ಅಂದಿದ್ದು ಎರಡೂ ಸುಳ್ಳು.”

ಐವತ್ತು ವರ್ಷ ನಾನು ಆ ಜಗುಲಿಯ ತಲೆಗೂದಲನ್ನು ನೋಡಿ ಹೊಟ್ಟೆ ಉರಿದುಕೊಂಡಿದ್ದೆ. ಅವನು ಒಂದು ಸಲ ಹೆಚ್ಚು ಕೇಳಿದ್ದರೆ ಇವಳು ಅವನ ಹೆಂಡತಿಯಾಗುತ್ತಿದ್ದಳು ಎಂದೇ ತಿಳಿದಿದ್ದೆ. ಜಾಮು ಮೆತ್ತಿದ ಕೈ ಹಿಡಿದುಕೊಂಡು ಬೆಪ್ಪನಂತೆ ಕೂತೆ.

“ಈಗ ಕೇಳು” ಅಂದಳು ಆರ್ಲಿಸ್.

“ಏನನ್ನ?”

“ಅದನ್ನೇ. ಇನ್ನೊಂದು ಸಲ.”

ಹಡಗು ಒಮ್ಮೆ ಕೂಗಿತು. ನಾನು ಟೋಪಿ ತೆಗೆದೆ, ಮಳೆಯ ಎರಚಲು ಬೋಳುತಲೆಗೆ ಬಡಿಯಿತು. “ಆರ್ಲಿಸ್,” ಅಂದೆ, “ನೀನು ನನ್ನ...”

“ಹೂಂ” ಅಂದಳು.

“ಪೂರ್ತಿ ಕೇಳೋಕಾದ್ರೂ ಬಿಡೇ!”

“ನಿನ್ನ ಮಾತು ಮುಗೀಲಿ ಅಂತ ಕಾದು ಕಾದೇ ಬೋರ್ಗ್‌ಹಿಲ್ಡ್‌ನ ನೋಡೋದು ತಪ್ಪಿಹೋಗ್ತಿತ್ತು” ಎಂದು ಎದ್ದಳು, ನನ್ನ ತೋಳಿಗೆ ಕೈ ಹಾಕಿದಳು. ಎಲ್ಲರಿಗಿಂತ ಮೊದಲು ನಾವು ಹಡಗು ಹತ್ತಿದೆವು.